ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿಗೆ ನಿಲ್ತಿದ್ದ ಟಿವಿ



ಈ ವಾರದ ಬರಹ ಅಡಿಕೆ ಬಗ್ಗೆ ಅಲ್ಲ, ಎಲೆಚುಕ್ಕಿ ರೋಗದ ಬಗ್ಗೇನೂ ಅಲ್ಲ. ನಮ್ಮ ಹಳೇ ಮನೆಗೆ ಫೈಬರ್ ಟಿವಿ ಎಳೆದ ವಿಚಾರ. ತೋಟದ ಮನೆಗಳಿಗೂ ಈಗ ಫೈಬರ್ ಬರ್ತಾ ಇದೆ. ಅದೇ ದಾರದಲ್ಲಿ ಟಿವಿ ಚಾನೆಲ್ಲೂ ಕೊಡ್ತಾರೆ. ಕಂಪನಿಯವರು ಕೊಟ್ಟ ಪೆಟ್ಟಿಗೆಗೇ ಟಿವಿ ಸಿಕ್ಕಿಸಿದ್ರೆ ತೊಂದರೆ ಇಲ್ಲ. ನಮ್ಮ ದುಡ್ಡಲ್ಲಿ ತಂದ ರೌಟರ್ ನಡುವೆ ಬಂದ ಕೂಡಲೇ ಮೊಬೈಲ್ ಓಡುತ್ತೆ, ಯೂಟ್ಯೂಬ್ ಓಡುತ್ತೆ, ಟಿವಿ ಮಾತ್ರ ಕೈ ಕೊಡುತ್ತೆ. ಯಾಕೆ ಹಿಂಗೆ ಅಂತ ತಿಳ್ಕೊಳ್ಳೋಕೆ ನನಗೆ ಹತ್ತು ದಿನ ಹಿಡೀತು. ನಿಮಗೆ ಅಷ್ಟು ದಿನ ಹಿಡಿಯಬಾರದು ಅಂತ ಬರೀತಾ ಇದ್ದೀನಿ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲು ಜಾಗದ ಬಗ್ಗೆ ಹೇಳ್ತೀನಿ. ನಮ್ಮದು ಚನ್ನಗಿರಿ ಕಡೆ, ಭದ್ರಾ ನಾಲೆ ಅಚ್ಚುಕಟ್ಟು. ರಸ್ತೆ ಬದಿಯ ಹೊಸ ಮನೆಯಲ್ಲಿ ನಾವಿದ್ದೀವಿ. ತೋಟದ ನಡುವಿನ ಹಳೇ ಮನೆಯಲ್ಲಿ ಅವ್ವ ಇದ್ದಾಳೆ. ಎರಡರ ಮಧ್ಯೆ ಸುಮಾರು 70 ಮೀಟರ್, ಪೂರ್ತಿ ಅಡಿಕೆ. ಅವ್ವಗೆ 78 ವರ್ಷ. ಮಂಡಿ ನೋವಿಂದ ಓಡಾಟ ಕಮ್ಮಿ. ಅಪ್ಪ ತೀರಿಕೊಂಡ ಮೇಲೆ ಸಾಯಂಕಾಲ ಆರರಿಂದ ಒಂಬತ್ತರವರೆಗೆ ಆ ಮನೆಯಲ್ಲಿ ಮನುಷ್ಯರ ದನಿ ಅಂತ ಕೇಳೋದು ಟಿವಿಯಿಂದಲೇ. ಅಡಿಕೆ ಕೊಯ್ಲಿನ ಕಾಲದಲ್ಲಿ ನಾವು ಊಟಕ್ಕೆ ಹೋಗೋದೇ ರಾತ್ರಿ ಒಂಬತ್ತೂವರೆಗೆ.

ಮಳೆಗಾಲದಲ್ಲಿ ಆ ಟಿವಿಯೂ ಇರ್ತಿರಲಿಲ್ಲ. ಮನೆ ಮೇಲಿನ ಡಿಶ್ ಹಿಡಿಯೋದು ಕೆಯು ಬ್ಯಾಂಡ್ ಅನ್ನುವ ಅಲೆ. ಜೋರು ಮಳೆಯ ಹನಿಗಳು ಆ ಅಲೆಯನ್ನ ದಾರಿಯಲ್ಲೇ ನುಂಗಿಬಿಡ್ತವೆ. ಮೋಡ ಕವಿದು ಮಳೆ ಹಿಡಿದ್ರೆ 'ಸಿಗ್ನಲ್ ಇಲ್ಲ' ಅಂತ ನೀಲಿ ಪರದೆ. ದಾವಣಗೆರೆಯಲ್ಲಿರೋ ನಮ್ಮಣ್ಣ ಪ್ರತಿ ಮಳೆಗಾಲವೂ ಒಂದೇ ಮಾತು ಹೇಳ್ತಿದ್ದ: "ಅಲ್ಲಿ ಕತ್ತಲಲ್ಲಿ ಒಬ್ಬಳೇ ಕೂತು ಏನು ಮಾಡ್ತಾಳೆ? ನಾನು ಕರ್ಕೊಂಡು ಹೋಗ್ತೀನಿ ಬಿಡು." ಅವ್ವಗೆ ಆ ಮನೆ ಬಿಡೋಕೆ ಇಷ್ಟ ಇಲ್ಲ. ಅಣ್ಣನ ಮಾತಿಗೆ ಎದುರಾಡೋಳೂ ಅಲ್ಲ. ಹಂಗಾಗಿ ನಮಗಿದು ಬರೀ ಟಿವಿ ವಿಚಾರ ಆಗಿರಲಿಲ್ಲ.

ಹೊಸ ಮನೆಗೆ ಫೈಬರ್ ಬಂದಾಗ ಟಿವಿ ಪ್ಯಾಕೂ ಜೊತೆಗೆ ತಗೊಂಡೆ. ಫೈಬರ್‌ಗೆ ಮಳೆ ಬಂದ್ರೇನು, ಮೋಡ ಬಂದ್ರೇನು. ಆದ್ರೆ ಕಂಪನಿಯ ಪೆಟ್ಟಿಗೆ ಇರೋದು ಹೊಸ ಮನೆಯಲ್ಲಿ. ಅದರ ವೈಫೈ ತೋಟದೊಳಗೆ ಇಪ್ಪತ್ತು ಹೆಜ್ಜೆಯೂ ಹೋಗಲ್ಲ. ಅಡಿಕೆ ಸೋಗೆ, ಅದರಲ್ಲೂ ಒದ್ದೆ ಸೋಗೆ ವೈಫೈಗೆ ಗೋಡೆ ಇದ್ದಂಗೆ. ಅಡಿಕೆ ಬೇಯಿಸೋ ಶೆಡ್ಡಿಗೆ ಕ್ಯಾಮೆರಾ ಬೇಕು, ಮೋಟಾರ್ ಮನೆಗೂ ನೆಟ್ ಬೇಕು. ಇಷ್ಟೆಲ್ಲಾ ಆ ಸಣ್ಣ ಪೆಟ್ಟಿಗೆಯಿಂದ ಆಗೋ ಕೆಲಸ ಅಲ್ಲ. ಅದಕ್ಕೇ ನಮ್ಮದೇ ರೌಟರ್ ತಂದಿದ್ದು. ಓಪನ್‌ಡಬ್ಲ್ಯೂಆರ್‌ಟಿ ಅನ್ನುವ ಉಚಿತ ತಂತ್ರಾಂಶ ಹಾಕಬಹುದಾದ ರೌಟರ್ ಅದು. ಒಳಗಿನ ಪ್ರತಿ ತೂಬನ್ನೂ ನಾವೇ ತೆಗೆದು ಮುಚ್ಚಬಹುದು.

70 ಮೀಟರ್ ದಾಟಿಸೋಕೆ ಲ್ಯಾನ್ ಕೇಬಲ್ ಸಾಕಾಗ್ತಿತ್ತು, ಅದು 100 ಮೀಟರ್‌ವರೆಗೆ ಓಡುತ್ತೆ. ಆದರೂ ಹಾಕಲಿಲ್ಲ. ಲ್ಯಾನ್ ಕೇಬಲ್ ಅಂದ್ರೆ ತಾಮ್ರ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ನಮ್ಮ ಕಡೆ ಹೆಂಗಿರುತ್ತೆ ಅಂತ ನಿಮಗೆ ಗೊತ್ತು. ಹತ್ತಿರದಲ್ಲಿ ಸಿಡಿಲು ಬಡಿದ್ರೆ ಎರಡು ಮನೆಗಳ ಅರ್ಥಿಂಗ್ ನಡುವೆ ವೋಲ್ಟೇಜ್ ವ್ಯತ್ಯಾಸ ಆಗಿ, ಆ ತಾಮ್ರದ ಮೂಲಕವೇ ಹರಿದು ಎರಡೂ ಕಡೆಯ ಸಾಮಾನು ಸುಟ್ಟು ಹಾಕುತ್ತೆ. ಹಂಗಾಗಿ ಮನೆಯಿಂದ ಮನೆಗೂ ಫೈಬರನ್ನೇ ಎಳೆದೆ. ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್. ಬೆಳಕನ್ನ ಲ್ಯಾನ್ ಮಾಡೋ ಸಣ್ಣ ಡಬ್ಬಿ ಅದು. ಒಂದು ಮಾತು ನೆನಪಿರಲಿ: ಅಂಗಡಿಯಲ್ಲಿ ಸಿಗೋ ಡ್ರಾಪ್ ಫೈಬರಲ್ಲಿ ಗಟ್ಟಿತನಕ್ಕೆ ಅಂತ ಉಕ್ಕಿನ ತಂತಿ ಇರೋದೂ ಉಂಟು. ಅದನ್ನ ಹಾಕಿದ್ರೆ ಸಿಡಿಲಿಗೆ ಮತ್ತೆ ದಾರಿ ಮಾಡಿಕೊಟ್ಟಂಗೆ. ಲೋಹ ಇಲ್ಲದ್ದು, ಎಫ್‌ಆರ್‌ಪಿ ಕಡ್ಡಿ ಇರೋದು ಕೊಡಿ ಅಂತ ಕೇಳಿ. ಹೆಗ್ಗಣ ಕಡೀಬಾರದು ಅಂತ ಹಳೇ ಎಚ್‌ಡಿಪಿಇ ಪೈಪಿನೊಳಗೆ ತೂರಿಸಿ ಒಂದೂವರೆ ಅಡಿ ಆಳಕ್ಕೆ ಹೂತಿದ್ದೀನಿ.

ಇಷ್ಟಾದ ಮೇಲೆ ಕಂಪನಿ ಕಡೆ ಹುಡುಗನಿಗೆ ಹೇಳಿ ಅವರ ಪೆಟ್ಟಿಗೆಯನ್ನ ಬ್ರಿಡ್ಜ್ ಮೋಡಿಗೆ ಹಾಕಿಸಿದೆ. ಅಂದ್ರೆ ಅವರ ಪೆಟ್ಟಿಗೆ ಬೆಳಕು ಬದಲಾಯಿಸೋ ಕೆಲಸ ಮಾತ್ರ ಮಾಡುತ್ತೆ, ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ನೆಟ್ ಎತ್ತೋದು ನಮ್ಮ ರೌಟರ್. ಐದು ನಿಮಿಷದಲ್ಲಿ ನೆಟ್ ಬಂತು. ಹಳೇ ಮನೆಯಲ್ಲಿ ಮೊಬೈಲ್ ಓಡ್ತು, ಶೆಡ್ಡಿನ ಕ್ಯಾಮೆರಾ ಬಂತು. ಟಿವಿ ಬಾಕ್ಸ್ ಹಾಕಿದೆ, ಏನೂ ಇಲ್ಲ.

ಹುಡುಗನಿಗೆ ಫೋನ್ ಮಾಡಿದೆ. "ನೆಟ್ ಬರ್ತಾ ಇದೆ ಅಲ್ವಾ ಅಣ್ಣಾ? ಹಂಗಾದ್ರೆ ನಮ್ ಕಡೆ ಸರಿ ಇದೆ. ಬೇರೆ ರೌಟರ್ ಹಾಕಿದ್ರೆ ಟಿವಿಗೆ ನಾವು ಜವಾಬ್ದಾರಿ ಅಲ್ಲ" ಅಂದ. ಅವನನ್ನ ದೂರಲ್ಲ, ಮೇಲಿನೋರು ಹೇಳಿಕೊಟ್ಟಿದ್ದನ್ನ ಹೇಳ್ದ. ಆದ್ರೆ "ತಮ್ಮಾ, ಟಿವಿ ಯಾವ ವಿಲ್ಯಾನ್ ನಂಬರಲ್ಲಿ ಬರುತ್ತೆ, ಅದೊಂದು ಹೇಳು ಸಾಕು" ಅಂದಾಗ ನೋಡಿ ಹೇಳ್ದ. ಆ ಒಂದು ನಂಬರ್ ಸಿಗದಿದ್ರೆ ನಾನು ಇವತ್ತಿಗೂ ತಡಕಾಡ್ತಾ ಇರ್ತಿದ್ದೆ.

ವಿಲ್ಯಾನ್ ಅಂದ್ರೆ ಏನು ಅಂತ ಕೇಳೋರಿಗೆ: ಫೈಬರ್ ಒಂದೇ, ಒಳಗೆ ಹರಿಯೋದು ಬೇರೆ ಬೇರೆ. ನೆಟ್ಟಿಗೊಂದು ನಂಬರ್, ಟಿವಿಗೊಂದು, ಲ್ಯಾಂಡ್‌ಲೈನ್ ಇದ್ರೆ ಅದಕ್ಕೊಂದು. ಪ್ರತಿ ಪ್ಯಾಕೆಟ್ಟಿನ ಮೇಲೂ ಆ ನಂಬರಿನ ಚೀಟಿ ಇರುತ್ತೆ, ಮಂಡಿಯಲ್ಲಿ ಅಡಿಕೆ ಚೀಲಕ್ಕೆ ಗುರುತು ಹಾಕಿದಂಗೆ. 1ರಿಂದ 4094ರವರೆಗೆ ಯಾವುದಾದ್ರೂ ಆಗಿರಬಹುದು, ಕಂಪನಿಗೊಂದು ಥರ. ಅವರ ಪೆಟ್ಟಿಗೆಗೆ ಅದು ಮೊದಲೇ ಗೊತ್ತಿರುತ್ತೆ. ಹೊರಗಿಂದ ತಂದ ರೌಟರಿಗೆ ನಾವು ಹೇಳಿಕೊಡಬೇಕು. ಬಹಳ ರೌಟರುಗಳಲ್ಲಿ 'ಐಪಿಟಿವಿ' ಅಂತ ಒಂದು ಪುಟವೇ ಇರುತ್ತೆ. ಅಲ್ಲಿ ನಂಬರ್ ಹಾಕಿ, ಟಿವಿಗೆ ಅಂತ ಒಂದು ಪೋರ್ಟ್ ಬಿಟ್ಟುಕೊಟ್ರೆ ಮುಗೀತು. ಬಾಕ್ಸ್ ರೌಟರ್ ಪಕ್ಕದಲ್ಲೇ ಇರೋರು ಇದನ್ನೇ ಮಾಡಿ. ಮುಂದಿನ ತಲೆನೋವು ನಿಮಗಿಲ್ಲ.

ನಮ್ಮ ಕಥೆ ಬೇರೆ. ಹಳೇ ಮನೆಗೆ ಹೋಗೋದು ಒಂದೇ ದಾರ. ಅದರಲ್ಲೇ ನೆಟ್ಟೂ ಹೋಗಬೇಕು, ಟಿವಿಯೂ ಹೋಗಬೇಕು. ಹಂಗಾಗಿ ಟಿವಿಯನ್ನ ರೌಟರ್ ಒಳಗೇ ಕರ್ಕೊಂಡು ನಮ್ಮ ಮನೆಯ ನೆಟ್‌ವರ್ಕಿಗೆ ಸೇರಿಸಬೇಕಿತ್ತು. ಬೆಂಗಳೂರಲ್ಲಿ ನೆಟ್‌ವರ್ಕ್ ಕೆಲಸ ಮಾಡೋ ಅಕ್ಕನ ಮಗ ರಾತ್ರಿ ಫೋನಲ್ಲಿ ಕೂತು ಹೇಳಿಕೊಟ್ಟ. ಬಾಕ್ಸ್ ಲಾಗಿನ್ ಆಯ್ತು, ಚಾನೆಲ್ ಪಟ್ಟಿ ಬಂತು, ಚಾನೆಲ್ ಒತ್ತಿದ್ರೆ ಕಪ್ಪು ಪರದೆ. ರೌಟರಿನ ಫೈರ್‌ವಾಲಲ್ಲಿ ಒಂದು ಬಾಗಿಲು ತೆಗೆಯೋಕೆ ಹೇಳಿದ, ತೆಗೆದೆ. ಚಿತ್ರ ಬಂತು! ಅವ್ವ ಆವತ್ತು ವಾರ್ತೆ ನೋಡಿದ್ಲು. ಸ್ವಲ್ಪ ಹೊತ್ತಿಗೆ ಚಿತ್ರ ನಿಂತಲ್ಲೇ ನಿಂತುಬಿಡ್ತು.

ಮುಂದಿನ ನಾಲ್ಕೈದು ದಿನ ಇದೇ ಆಟ. ಕನ್ವರ್ಟರ್ ಬದಲಾಯಿಸಿದೆ, ಫೈಬರ್ ತುದಿ ಒರೆಸಿದೆ, ಬಾಕ್ಸ್ ಹತ್ತು ಸಲ ಆಫ್ ಆನ್ ಮಾಡಿದೆ. ಕೊನೆಗೆ ದಾರಿ ತೋರಿಸಿದ್ದು ಅವ್ವನೇ. "ಇದು ಕೆಟ್ಟಿಲ್ಲ ಕಣೋ. ಚಾನೆಲ್ ಮುಂದಕ್ಕೆ ಒತ್ತಿ ವಾಪಸ್ ಬಂದ್ರೆ ಮತ್ತೆ ಬರುತ್ತೆ. ಮತ್ತೆ ಅಷ್ಟೇ ಹೊತ್ತು ಇದ್ದು ನಿಲ್ಲುತ್ತೆ. ನಿನ್ನ ಟಿವಿಗೂ ನಾಲೆ ಥರ ಸರದಿ ಇಟ್ಟಿದ್ದಾರಾ?" ಅಂದ್ಲು. ಅಷ್ಟು ದಿನವೂ ಅವಳು ಅದನ್ನೇ ಮಾಡ್ತಾ ಇದ್ಲು. ಬೆರಳು ಸರಿಯಾಗಿ ಮಡಚೋಕೆ ಆಗಲ್ಲ, ಆದರೂ ಒಂದು ಧಾರಾವಾಹಿಗೆ ಆರೇಳು ಸಲ ರಿಮೋಟ್ ಒತ್ತಿ ನೋಡ್ತಿದ್ಲು, ನಮಗೆ ಹೇಳಿರಲಿಲ್ಲ.

'ಅಷ್ಟೇ ಹೊತ್ತು' ಅಂದಳಲ್ಲ, ಅದು ಕಿವಿಗೆ ಬಿತ್ತು. ಕೇಬಲ್ ಹಾಳಾಗಿದ್ರೆ ಯಾವಾಗ ಬೇಕಾದ್ರೂ ನಿಲ್ಲಬೇಕು. ಲೆಕ್ಕ ಹಾಕಿದಂಗೆ ಯಾಕೆ ನಿಲ್ಲುತ್ತೆ? ಮೊಬೈಲಲ್ಲಿ ಸ್ಟಾಪ್‌ವಾಚ್ ಇಟ್ಟು ಕೂತೆ. ಮೊದಲ ಸಲ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ಎರಡನೇ ಸಲ ಅಷ್ಟೇ. ಬೇರೆ ಚಾನೆಲ್ ಹಾಕಿದೆ, ಅಷ್ಟೇ. ಅಳಿಯನಿಗೆ ಈ ಲೆಕ್ಕ ಹೇಳಿದ ಕೂಡಲೇ ಆ ಕಡೆಯಿಂದ ನಗು. "ಮಾವ, 260 ಸೆಕೆಂಡು! ಸಿಕ್ತು ಬಿಡಿ" ಅಂದ.

ಇದನ್ನ ಅರ್ಥ ಮಾಡ್ಕೊಳ್ಳೋಕೆ ನಮ್ಮ ನಾಲೆಗಿಂತ ಒಳ್ಳೆ ಉದಾಹರಣೆ ಇಲ್ಲ. ಯೂಟ್ಯೂಬ್ ಅಂದ್ರೆ ಟ್ಯಾಂಕರ್ ನೀರು. ನೀವು ಕೇಳಿದ್ರಿ, ನಿಮ್ಮ ಮನೆಗೇ ಅಂತ ಒಂದು ಟ್ಯಾಂಕರ್ ಬರುತ್ತೆ. ದಾರಿಯಲ್ಲಿ ಚೆಲ್ಲಿದ್ರೆ ಮತ್ತೆ ಕಳಿಸ್ತಾರೆ, ನಿಮ್ಮ ತೊಟ್ಟಿಯಲ್ಲೂ ಸ್ವಲ್ಪ ಶೇಖರಣೆ ಇರುತ್ತೆ. ಫೈಬರ್ ಟಿವಿಯ ಲೈವ್ ಚಾನೆಲ್ ಹಂಗಲ್ಲ, ಅದು ನಾಲೆ ನೀರು. ಒಂದು ಚಾನೆಲ್ ಅಂದ್ರೆ ಒಂದೇ ಹರಿವು. ಸಾವಿರ ಮನೆ ನೋಡಿದ್ರೂ ಮೇಲಿಂದ ಸಾವಿರ ಸಲ ಕಳಿಸಲ್ಲ, ಒಂದೇ ಸಲ ಬಿಟ್ಟು ಬೇಕಾದ ಕಡೆ ಕವಲು ಒಡೆಸ್ತಾರೆ. ಇದಕ್ಕೆ ಮಲ್ಟಿಕ್ಯಾಸ್ಟ್ ಅಂತಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಡೀರಿಂಗ್ 1989ರಲ್ಲಿ ಇದರ ನಿಯಮ ಬರೆದರು. 224ರಿಂದ 239ರವರೆಗಿನ ಅಂಕಿಯಲ್ಲಿ ಶುರುವಾಗೋ ಐಪಿ ವಿಳಾಸಗಳನ್ನ ಇದಕ್ಕೇ ಅಂತ ಮೀಸಲಿಟ್ಟಿದ್ದಾರೆ. ಎಲ್ಲಾ ಇಂಟರ್‌ನೆಟ್ ಟಿವಿಯೂ ಹಿಂಗಲ್ಲ. ಮೊಬೈಲ್ ಆ್ಯಪಲ್ಲಿ ನೋಡೋ ಟಿವಿ ಸಾಮಾನ್ಯವಾಗಿ ಟ್ಯಾಂಕರ್ ಲೆಕ್ಕವೇ, ಅದಕ್ಕೆ ಯಾವ ರೌಟರಾದ್ರೂ ನಡೆಯುತ್ತೆ.

ನಾಲೆ ನೀರಿಗೆ ನೀರುಗಂಟಿ ಇರ್ತಾನಲ್ಲ. ನೀವು ಹೋಗಿ "ನಮ್ಮ ಗದ್ದೆಗೆ ನೀರು ಬೇಕು" ಅಂದ್ರೆ ತೂಬು ತೆಗೀತಾನೆ. ಆಗಾಗ ಬಂದು "ಇನ್ನೂ ಬೇಕಾ?" ಅಂತ ಕೂಗ್ತಾನೆ. ಯಾರೂ ಓ ಅನ್ನದಿದ್ರೆ ಗದ್ದೆ ತುಂಬಿತು ಅಂದ್ಕೊಂಡು ತೂಬು ಮುಚ್ತಾನೆ. ನೆಟ್‌ವರ್ಕಲ್ಲಿ ಈ ಮಾತುಕತೆಗೆ ಐಜಿಎಂಪಿ ಅಂತ ಹೆಸರು. ಚಾನೆಲ್ ಒತ್ತಿದಾಗ ಬಾಕ್ಸು 'ನನಗೆ ಇದು ಬೇಕು' ಅಂತ ಕೇಳುತ್ತೆ. ಕಂಪನಿಯ ಯಂತ್ರ ಹರಿವು ಬಿಡುತ್ತೆ. ಆಮೇಲೆ ಮಾಮೂಲು ನಿಯಮದ ಪ್ರಕಾರ 125 ಸೆಕೆಂಡಿಗೊಮ್ಮೆ 'ಇನ್ನೂ ಬೇಕಾ?' ಅಂತ ಕೂಗುತ್ತೆ, ಉತ್ತರಕ್ಕೆ 10 ಸೆಕೆಂಡ್ ಗಡುವು. ಒಂದು ಕೂಗು ಕಳೆದುಹೋಗಿರಬಹುದು ಅಂತ ಎರಡು ಸರದಿ ಕಾಯುತ್ತೆ. ಎರಡು 125 ಅಂದ್ರೆ 250, ಮೇಲೆ 10. ಒಟ್ಟು 260 ಸೆಕೆಂಡು. ಅಷ್ಟರಲ್ಲಿ ಓ ಅನ್ನೋರು ಇಲ್ಲದಿದ್ರೆ ತೂಬು ಬಂದ್. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ಅಂದ್ರೆ ಇದೇ.

ನಮ್ಮ ರೌಟರಲ್ಲಿ ಆಗ್ತಾ ಇದ್ದದ್ದು ಇಷ್ಟು. ಒಳಗಿಂದ ಹೊರಗೆ ಹೋಗೋ ಕೋರಿಕೆ ಹೋಗ್ತಿತ್ತು. ಚಿತ್ರದ ಹರಿವು ಒಳಗೆ ಬರೋಕೂ ಬಾಗಿಲು ತೆಗೆದಿತ್ತು. 'ಇನ್ನೂ ಬೇಕಾ?' ಅನ್ನೋ ಕೂಗು ಮಾತ್ರ ಫೈರ್‌ವಾಲಲ್ಲೇ ನಿಂತುಬಿಡ್ತಿತ್ತು. ಫೈರ್‌ವಾಲಿನ ಸ್ವಭಾವವೇ ಹಂಗೆ. ಹೊರಗಿಂದ ಬರೋ ಗುರುತಿಲ್ಲದ ಮಾತನ್ನ ಒಳಗೆ ಬಿಡಬಾರದು ಅಂತಲೇ ಅದನ್ನ ಇಟ್ಟಿರೋದು. ಟಿವಿಯ ಹೊಸ ವಿಲ್ಯಾನಿಗೆ ಹೊಸ ಬಾಗಿಲನ್ನ ಬಿಡಿಸಿ ಹೇಳಬೇಕು. ಅವ್ವ ಚಾನೆಲ್ ಬದಲಾಯಿಸಿದಾಗ ಹೊಸ ಕೋರಿಕೆ ಹೋಗಿ, ಹೊಸದಾಗಿ 260 ಸೆಕೆಂಡ್ ಸಿಗ್ತಿತ್ತು. ಬಾಗಿಲು ತೆಗೆಯೋವರೆಗೂ ಆ ಮನೆಗೆ ಅವ್ವನೇ ನೀರುಗಂಟಿ.

ಪರಿಹಾರ ಅಂತ ಮಾಡಿದ್ದು ಇಷ್ಟೇ. ರೌಟರಿನಲ್ಲಿ ಐಜಿಎಂಪಿ ಪ್ರಾಕ್ಸಿ ಓಡಬೇಕು. ಅದು ಮಧ್ಯವರ್ತಿ: ಒಳಗಿನವರ ಕೋರಿಕೆಯನ್ನ ಹೊರಗೆ ಹೇಳುತ್ತೆ, ಹೊರಗಿನ ಕೂಗಿಗೆ ಓ ಅನ್ನುತ್ತೆ. ಅದಕ್ಕೆ ಮೇಲ್ಗಡೆ ಯಾವುದು (ಟಿವಿ ವಿಲ್ಯಾನ್), ಕೆಳಗಡೆ ಯಾವುದು (ಮನೆ ನೆಟ್‌ವರ್ಕ್), ಚಾನೆಲ್ ಹರಿವು ಯಾವ ವಿಳಾಸಗಳಿಂದ ಬರುತ್ತೆ, ಈ ಮೂರನ್ನೂ ತಿಳಿಸಬೇಕು. ಆಮೇಲೆ ಫೈರ್‌ವಾಲಲ್ಲಿ ಎರಡು ಬಾಗಿಲು. ಒಂದು, ಟಿವಿ ಕಡೆಯಿಂದ 224–239 ವಿಳಾಸಗಳಿಗೆ ಬರೋ ಯುಡಿಪಿ ಹರಿವು ಮನೆಯೊಳಗೆ ಹೋಗಲಿ. ಇದು ಚಿತ್ರ. ಎರಡು, ಟಿವಿ ಕಡೆಯಿಂದ ಬರೋ ಐಜಿಎಂಪಿ ರೌಟರಿಗೆ ಮುಟ್ಟಲಿ. ಇದು ಕೂಗು. ಮೊದಲನೆಯದು ಇಲ್ಲದಿದ್ರೆ ಕಪ್ಪು ಪರದೆ. ಎರಡನೆಯದು ಇಲ್ಲದಿದ್ರೆ ನಾಲ್ಕು ಇಪ್ಪತ್ತರ ಕಾಟ. ಎರಡನೇ ಬಾಗಿಲು ತೆಗೆದು ಸ್ಟಾಪ್‌ವಾಚ್ ಇಟ್ಟೆ. ಐದು ನಿಮಿಷ ದಾಟಿತು, ಹತ್ತು ದಾಟಿತು. ಅವ್ವ ರಿಮೋಟ್ ಮೇಜಿನ ಮೇಲಿಟ್ಟು ಕಾಲು ಚಾಚಿಕೊಂಡ್ಲು.

ಆಮೇಲೆ ಇನ್ನೊಂದು ಗಿರಾಕಿ ಬಂತು. ಟಿವಿ ಹಾಕಿದ ಕೂಡಲೇ ಮನೆಯ ವೈಫೈ ತೆವಳೋಕೆ ಶುರು. ಶೆಡ್ಡಿನ ಕ್ಯಾಮೆರಾ ಚಿತ್ರ ತಡವರಿಸುತ್ತೆ. ಇದಕ್ಕೂ ನಾಲೆಯೇ ಉದಾಹರಣೆ. ತೂಬೇನೋ ತೆಗೆದ್ರು, ಬದು ಕಟ್ಟಿಲ್ಲ, ನೀರು ಎಲ್ಲಾ ಮಡಿಗೂ ನುಗ್ಗುತ್ತೆ. ಟಿವಿಯ ಹರಿವು ಬಾಕ್ಸಿಗೆ ಮಾತ್ರ ಹೋಗೋದು ಬಿಟ್ಟು ಪ್ರತಿ ಪೋರ್ಟಿಗೂ, ವೈಫೈಗೂ ಹೋಗ್ತಿತ್ತು. ವೈಫೈಯಲ್ಲಿ ಮಲ್ಟಿಕ್ಯಾಸ್ಟ್ ಸಾಮಾನ್ಯವಾಗಿ ಕಡಿಮೆ ವೇಗದಲ್ಲಿ ಹೋಗುತ್ತೆ, ದೂರದವರಿಗೂ ಕೇಳಲಿ ಅಂತ. ಹಂಗಾಗಿ ಒಂದು ಚಾನೆಲ್ ಸಾಕು, ಇಡೀ ಗಾಳಿಯೇ ತುಂಬಿಹೋಗುತ್ತೆ. ಬದು ಕಟ್ಟೋ ಕೆಲಸಕ್ಕೆ ಐಜಿಎಂಪಿ ಸ್ನೂಪಿಂಗ್ ಅಂತಾರೆ. ಯಾವ ಪೋರ್ಟಿನಿಂದ ಕೋರಿಕೆ ಬಂತೋ ಅಲ್ಲಿಗಷ್ಟೇ ಬಿಡುತ್ತೆ. ಎರಡೂ ಮನೆಯ ರೌಟರುಗಳಲ್ಲಿ ಅದನ್ನ ಆನ್ ಮಾಡಿದ ಮೇಲೆ ಕ್ಯಾಮೆರಾ ಸರಿಯಾಯ್ತು. ಇದೇ ಕಾರಣಕ್ಕೆ ಟಿವಿ ಬಾಕ್ಸನ್ನ ವೈಫೈಯಲ್ಲಿ ಹಾಕಬೇಡಿ, ಲ್ಯಾನ್ ತಂತಿ ಸಿಕ್ಕಿಸಿ. ಚಿತ್ರದಲ್ಲಿ ಚೌಕ ಚೌಕ ಒಡೆಯೋದು ಬಹಳ ಸಲ ವೈಫೈಯಿಂದಲೇ. ನಾಲೆಯಲ್ಲಿ ಚೆಲ್ಲಿದ ನೀರನ್ನ ಯಾರೂ ತಿರುಗಿ ತಂದು ಕೊಡಲ್ಲ.

ಇಷ್ಟು ಕಷ್ಟ ಯಾಕೆ, ಕಂಪನಿ ಪೆಟ್ಟಿಗೆಯನ್ನೇ ಇಟ್ಕೋಬಹುದಿತ್ತಲ್ಲ ಅಂತ ಕೆಲವರು ಕೇಳಿದ್ರು. ಒಂದೇ ಕೋಣೆಯ ಮನೆಗೆ ಅದು ಸರಿ. ನಮ್ಮಂಥ ತೋಟದ ಮನೆಗೆ ಆ ಪೆಟ್ಟಿಗೆ ಸಾಲಲ್ಲ, ಅದರೊಳಗಿನ ತೂಬೂ ನಮ್ಮ ಕೈಲಿರಲ್ಲ. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಗ್ರಾಹಕರು ತಮಗೆ ಬೇಕಾದ ರೌಟರ್ ಹಾಕಿಕೊಳ್ಳಬಹುದು, ಬೇಕಾದ ವಿವರವನ್ನ ಕಂಪನಿ ಕೊಡಲೇಬೇಕು ಅಂತ ಕಾನೂನೇ ಇದೆ. ನನಗೂ ಬೇಕಾಗಿದ್ದು ಅಷ್ಟೇ, ನಾಲ್ಕು ವಿವರ. ಕನೆಕ್ಷನ್ ತಗೊಳ್ಳೋ ದಿನವೇ, ದುಡ್ಡು ಕೈ ಬದಲಾಗೋ ಮೊದಲೇ, ಇವನ್ನ ಕೇಳಿ ಬರೆದಿಟ್ಕೊಳ್ಳಿ: ಬ್ರಿಡ್ಜ್ ಮೋಡ್ ಮಾಡಿಕೊಡ್ತೀರಾ? ನೆಟ್ಟಿನ ಯೂಸರ್‌ನೇಮ್ ಪಾಸ್‌ವರ್ಡ್ ಏನು? ನೆಟ್ಟಿನ ವಿಲ್ಯಾನ್ ಯಾವುದು, ಟಿವಿಯದು ಯಾವುದು? ಟಿವಿ ಮಲ್ಟಿಕ್ಯಾಸ್ಟಲ್ಲಿ ಬರುತ್ತಾ, ಆ್ಯಪ್ ಥರ ಬರುತ್ತಾ? ನಾನು ಇವನ್ನ ಒಂದು ಕಾಗದಕ್ಕೆ ಬರೆದು ರೌಟರ್ ಹಿಂದಿನ ಗೋಡೆಗೆ ಅಂಟಿಸಿದ್ದೀನಿ. ನಾನು ಊರಲ್ಲಿ ಇಲ್ಲದಾಗ ಕೆಟ್ಟರೆ ಮನೆಯವರು ಓದಿ ಹೇಳಬೇಕಲ್ಲ.

ಇನ್ನೊಂದು ಖರ್ಚು ತಪ್ಪಿಸಬೇಡಿ. ಕನ್ವರ್ಟರ್, ರೌಟರ್, ಕಂಪನಿ ಪೆಟ್ಟಿಗೆ, ಮೂರರಲ್ಲಿ ಒಂದಕ್ಕೆ ಕರೆಂಟ್ ಹೋದ್ರೂ ಟಿವಿ ಇಲ್ಲ. ನಮ್ಮ ಹಳ್ಳಿ ಕರೆಂಟಿಗೆ ಎರಡೂ ಕಡೆ ಒಂದೊಂದು ಸಣ್ಣ ಡಿಸಿ ಯುಪಿಎಸ್ ಹಾಕಿದ್ದೀನಿ. ಅಡಾಪ್ಟರ್ ಮೇಲೆ ಬರೆದಿರೋ ವೋಲ್ಟೇಜ್ ನೋಡಿ ಹೊಂದೋದನ್ನೇ ತನ್ನಿ. ಟಿವಿ ಮತ್ತು ಬಾಕ್ಸು ಮನೆ ಇನ್ವರ್ಟರ್ ಮೇಲಿವೆ. ಗುಡುಗು ಜೋರಾದ್ರೆ ಪ್ಲಗ್ ಕಿತ್ತಿಡೋದು ಈಗಲೂ ಬಿಟ್ಟಿಲ್ಲ. ಫೈಬರಲ್ಲಿ ಸಿಡಿಲು ಬರಲ್ಲ, ಕರೆಂಟ್ ತಂತಿಯಲ್ಲಿ ಬರುತ್ತೆ.

ಈ ಮಳೆಗಾಲ ಹದಿನೈದು ದಿನ ಬಿಡದೆ ಹಿಡಿದಾಗಲೂ ಹಳೇ ಮನೆಯಲ್ಲಿ ಟಿವಿ ನಿಂತಿಲ್ಲ. ಅಣ್ಣ ಹಬ್ಬಕ್ಕೆ ಬಂದವನು ಅವ್ವನ ಪಕ್ಕ ಕೂತು ಪೂರ್ತಿ ಒಂದು ಕ್ರಿಕೆಟ್ ಪಂದ್ಯ ನೋಡಿ ಹೋದ, ದಾವಣಗೆರೆ ಮಾತು ತೆಗೀಲಿಲ್ಲ. ಮುಂದಿನ ವರ್ಷ ತೆಗೆದ್ರೂ ತೆಗೆದಾನು, ಮಂಡಿ ನೋವೇನು ಕಮ್ಮಿ ಆಗಿಲ್ಲ. ಸದ್ಯಕ್ಕಂತೂ ಅವ್ವ ಅವಳ ಮನೆಯಲ್ಲೇ ಇದ್ದಾಳೆ.

ನಿಮ್ಮ ಕಡೆ ಟಿವಿ ನಿಲ್ತಾ ಇದ್ರೆ ಮೊದಲು ಗಡಿಯಾರ ಹಿಡೀರಿ. ಎಷ್ಟು ಹೊತ್ತಿಗೆ ನಿಲ್ಲುತ್ತೆ ಅಂತ ಮೂರು ಸಲ ಬರೆದಿಟ್ಕೊಂಡು ಆಮೇಲೆ ಫೋನ್ ಮಾಡಿ. ಒಂದೇ ಲೆಕ್ಕಕ್ಕೆ ನಿಂತ್ರೆ ಯಾರೋ ಕೂಗ್ತಾ ಇದ್ದಾರೆ, ಯಾರೂ ಓ ಅಂತಿಲ್ಲ ಅಂತ ಅರ್ಥ. ಲೆಕ್ಕ ಇಲ್ಲದೆ ನಿಂತ್ರೆ ತಂತಿ, ವೈಫೈ, ಕರೆಂಟ್ ಕಡೆ ನೋಡಿ.

ತೋಟದಲ್ಲಿ ಮನೆಯಿಂದ ಮೋಟಾರ್ ಮನೆಗೆ ಫೈಬರ್ ಎಳೆದೋರು ಯಾರಾದ್ರೂ ಇದ್ರೆ, ಹೆಗ್ಗಣದ ಕಾಟಕ್ಕೆ ನೀವು ಏನು ಮಾಡಿದ್ರಿ ಅಂತ ಕೆಳಗೆ ಬರೀರಿ. ಮುಂದಿನ ವಾರ ಅಡಿಕೆ ಒಣಗಿಸೋ ಟಾರ್ಪಾಲಿನ ಬಗ್ಗೆ ಬರೀತೀನಿ.